ಒಂದು ಕಾಲೂ ಬೀಳದ ಮೈದಾನ

೪ ಫೆಬ್ರವರಿ

ತಮ್ಮಾ,

ಚೆನ್ನಾಗಿದ್ದೀಯ ಎಂದು ನಾನೇ ತಿಳಿದುಕೊಂಡು ಬರೆಯುತ್ತಿದ್ದೇನೆ, ಏಕೆಂದರೆ ಕೇಳಿದರೆ ಹೇಳುವವನು ನೀನಲ್ಲ. ಫೋನು ಮಾಡಿದರೆ "ಹೂಂ ಅಕ್ಕ, ಸರಿ ಅಕ್ಕ, ಮೀಟಿಂಗ್ ಇದೆ ಅಕ್ಕ" ಎಂದು ಮೂರು ಮಾತಿಗೆ ಮುಗಿಸುತ್ತೀಯ. ಕಾಗದದ ಬಾಯಿ ಮುಚ್ಚಲು ನಿನಗೆ ಬರುವುದಿಲ್ಲವಲ್ಲ, ಅದಕ್ಕೇ ಇದು.

ನಾವು ಅರ್ಜಿ ಹಾಕಿಬಿಟ್ಟೆವು! ನಿಮ್ಮ ಫುಟ್ಬಾಲ್ ಲೀಗಿಗೆ ಮುಂದಿನ ವರ್ಷ ಮೂರು ಹೊಸ ತಂಡ ಸೇರಿಸುತ್ತಾರೆ, ಯಾವ ಊರಿಗೆ ಬೇಕೋ ಅವರು ಅರ್ಜಿ ಕೊಡಬೇಕು ಎಂದು ಪೇಪರಿನಲ್ಲಿ ಬಂದದ್ದೇ ತಡ, ಮೇಷ್ಟ್ರು ಪೇಪರು ಹಿಡಿದುಕೊಂಡು ಮೈದಾನಕ್ಕೇ ಓಡಿ ಬಂದರು. ಇಪ್ಪತ್ತು ವರ್ಷದಿಂದ ನಮ್ಮ ತಂಡಕ್ಕೆ ಆಟ ಹೇಳಿಕೊಟ್ಟ ಮನುಷ್ಯ, ಅಷ್ಟು ಜೋರಾಗಿ ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ನಾನು ಸುಣ್ಣದ ಗೆರೆ ಹಾಕುತ್ತಿದ್ದೆ. ಅವರ ಮಾತು ಕೇಳಿ ತಿರುಗಿದ್ದೇ ಗೆರೆ ಸೊಟ್ಟಗಾಯಿತು.

ಇದು ಬರೀ ಹೆಮ್ಮೆಯ ಮಾತಲ್ಲ ಕಣೋ. ಪುರಸಭೆಯವರು ಬರವಣಿಗೆಯಲ್ಲೇ ಕೊಟ್ಟಿದ್ದಾರೆ. ಲೀಗಿನ ತಂಡ ಬಂದರೆ ಮೈದಾನ ಉಳಿಯುತ್ತದೆ. ಬರದಿದ್ದರೆ ಜೂನ್ ತಿಂಗಳಲ್ಲಿ ಗೋದಾಮಿನ ಕಂಪನಿಗೆ ಹೋಗುತ್ತದೆ. ಅಪ್ಪ ಮೂವತ್ತೊಂದು ವರ್ಷ, ನಾನು ಹದಿನಾಲ್ಕು ವರ್ಷ ಮಗುವಿನ ಹಾಗೆ ನೋಡಿಕೊಂಡ ನೆಲದ ಮೇಲೆ ಲಾರಿ ನಿಲ್ಲಿಸುತ್ತಾರಂತೆ. ನೆನೆದರೆ ಮೈ ಉರಿಯುತ್ತದೆ. ಟೈರು ಕಾರ್ಖಾನೆಯ ಪಾಳಿ ಬಿಟ್ಟ ಮೇಲೆ ಈಗಲೂ ಭಾನುವಾರ ನಾಲ್ಕು ಸಾವಿರ ಜನ ಬರುತ್ತಾರೆ. ಗ್ಯಾಲರಿಯಲ್ಲಿ ಹಿಡಿಸುವುದು ಒಂಬೈನೂರು. ಮಿಕ್ಕವರು ಎರಡು ಗಂಟೆ ನಿಂತೇ ನೋಡುತ್ತಾರೆ.

ಊರು ಆರಿಸುವ ಲೀಗಿನ ಸಮಿತಿಯ ಕಚೇರಿಯಲ್ಲೇ ನೀನು ಇದ್ದೀಯ. ಶಿಫಾರಸು ಕೇಳುತ್ತಿಲ್ಲ, ಕೇಳಿದರೆ ಅಪ್ಪ ಮೇಲಿನಿಂದಲೇ ಚಪ್ಪಲಿ ಎಸೆದಾರು. ಊರು ನೋಡಲು ಬಂದವರು ಏನನ್ನು ನೋಡುತ್ತಾರೆ, ಅಷ್ಟು ಹೇಳು ಸಾಕು.

ನಿನ್ನ ಅಕ್ಕ

———

೧೧ ಫೆಬ್ರವರಿ

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ತಲುಪಿತು. ಮೊದಲಿಗೆ ಒಂದು ವಿಷಯ. ನಾನು ಈ ಕಚೇರಿಯಲ್ಲಿ ಇದ್ದೇನೆ ಎಂದು ದಯವಿಟ್ಟು ಅಲ್ಲಿ ಯಾರಿಗೂ ಹೇಳಬೇಡ, ಮೇಷ್ಟ್ರಿಗೂ ಹೇಳಬೇಡ. ನಾನು ಆ ಊರಿನವನು ಎಂದು ಇಲ್ಲಿಯೂ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಪಕ್ಷಪಾತದ ಮಾತು ಬರುತ್ತದೆ, ಅರ್ಜಿಗೇ ಪೆಟ್ಟು.

ನಮ್ಮ ಅಧ್ಯಕ್ಷರು ಮೊದಲು ನೋಡುವುದು ಹುಲ್ಲನ್ನು. ಹೋದ ಸಲ ಒಂದು ಊರನ್ನು ಗೋಲಿನ ಮುಂದೆ ನೆಲ ಬೋಳಾಗಿದೆ ಎಂಬ ಒಂದೇ ಕಾರಣಕ್ಕೆ ಕೈಬಿಟ್ಟರು. ಹುಲ್ಲಿನ ಮೇಲೆ ಒಂದು ಕಲೆಯೂ ಇಲ್ಲದ ಹಾಗೆ ನೋಡಿಕೋ. ಆ ವಿದ್ಯೆಯಲ್ಲಿ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬರುವುದು ಮಾರ್ಚ್ ಎರಡನೇ ವಾರದಲ್ಲಿ. ಈ ಪತ್ರವನ್ನು ಓದಿ ಹರಿದುಹಾಕು.

ತಮ್ಮ

———

೧೩ ಮಾರ್ಚ್

ತಮ್ಮಾ,

ಬಂದು ಹೋದರು! ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಮೂವರು, ನಲವತ್ತು ನಿಮಿಷ. ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ.

ನಿನ್ನ ಕಾಗದ ಬಂದ ಮರುದಿನವೇ ಮೈದಾನಕ್ಕೆ ಬೀಗ ಹಾಕಿದೆ. ಇಪ್ಪತ್ತೇಳು ದಿನ! ಊರಿಗೆ ಊರೇ ನನ್ನ ಮೇಲೆ ಮುರಿದುಕೊಂಡು ಬಿತ್ತು. ತಂಡದವರು ಟೈರು ಕಾರ್ಖಾನೆಯ ಅಂಗಳದಲ್ಲಿ ಅಭ್ಯಾಸ ಮಾಡಿದರು. ನಮ್ಮ ಗೋಲ್‌ಕೀಪರ್ ಇದ್ದಾನಲ್ಲ, ಊರೆಲ್ಲ ಗೋಡೆ ಎಂದು ಕರೆಯುವವನು, ಸಿಮೆಂಟಿನ ಮೇಲೆ ಬಿದ್ದು ಬಿದ್ದು ಎರಡೂ ಮೊಣಕೈ ಸುಲಿದುಕೊಂಡ. "ಅಕ್ಕಾ, ಹುಲ್ಲಿಗೆ ಇರೋ ಮರ್ಯಾದೆ ನನ್ನ ಚರ್ಮಕ್ಕಿಲ್ವಾ?" ಎಂದ. "ಚರ್ಮ ವಾರದಲ್ಲಿ ಬರುತ್ತೆ ಕಣೋ, ಹುಲ್ಲಿಗೆ ತಿಂಗಳು ಬೇಕು" ಎಂದೆ. ನಾಲ್ಕು ಭಾನುವಾರದ ಆಟ ಪಕ್ಕದ ಊರಿಗೆ ಹೋಯಿತು. ಜನ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ನೋಡಿ ಬಂದರು, ಬಂದು ನನಗೆ ಬೈದರು. ಬೈಸಿಕೊಂಡೆ.

ಬೇಲಿಯ ಸುತ್ತ ಒಂದು ಕಾಗದದ ಚೂರಿಲ್ಲ, ಒಂದು ಹೆಜ್ಜೆ ಗುರುತಿಲ್ಲ. ತಂಡದವರು ಆಟದ ಬಟ್ಟೆ ಹಾಕಿಕೊಂಡು ನಿಲ್ಲಲಿ ಎಂದು ಮೇಷ್ಟ್ರು ಕೇಳಿಕೊಂಡರು. "ಬೂಟು ಹಾಕಿದವರು ಗೇಟು ದಾಟಿದ್ರೆ ನಾನು ಮನುಷ್ಯಳಾಗಿರಲ್ಲ" ಎಂದೆ. ಅವರನ್ನೆಲ್ಲ ಮನೆಗೆ ಕಳಿಸಿದರು.

ನಿಮ್ಮ ಅಧ್ಯಕ್ಷರು ಒಳ್ಳೆಯವರಪ್ಪ. ಗೋಲಿನ ಮುಂದೆ ಬಗ್ಗಿ ಹುಲ್ಲನ್ನು ಮುಟ್ಟಿಯೇ ನೋಡಿದರು. "ತುಂಬಾ ಚೆನ್ನಾಗಿ ಬೆಳೆಸಿದೀರಿ. ಇಲ್ಲಿ ಕೊನೆಗೆ ಆಟ ಆಗಿದ್ದು ಯಾವಾಗ?" ಎಂದರು.

"ಒಂದು ತಿಂಗಳಾಯ್ತು ಸರ್, ಒಂದು ಕಾಲೂ ಬಿದ್ದಿಲ್ಲ ಇದರ ಮೇಲೆ. ಬೀಳೋಕೆ ನಾನು ಬಿಟ್ಟಿಲ್ಲ!" ಎಂದೆ.

ನಕ್ಕರು. ಅದನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು ಕಣೋ, ನಾನೇ ನೋಡಿದೆ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ನಿನ್ನ ಒಂದು ಮಾತಿನಿಂದ ಇಷ್ಟೆಲ್ಲ ಆಯಿತು. ನೀನು ಇಲ್ಲಿಂದ ಹೋದಮೇಲೆ ಊರನ್ನು ಮರೆತೆ ಎಂದು ಎಷ್ಟೋ ಸಲ ನಿನ್ನ ಭಾವನ ಹತ್ತಿರ ಆಡಿಕೊಂಡಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಅಕ್ಕ

———

೨೦ ಮಾರ್ಚ್

ಅಕ್ಕಾ,

ಪತ್ರ ಬಂತು. ಸಂತೋಷ. ನಿನ್ನ ಮೊಣಕಾಲಿನ ನೋವು ಹೇಗಿದೆ? ಭಾವನಿಗೆ ಹೊಸ ಕನ್ನಡಕ ಸರಿಹೋಯಿತೇ?

ವರದಿ ಇನ್ನೂ ಆಗಬೇಕು. ಯಾರು ಬರೆಯುತ್ತಾರೆಂದು ನನಗೆ ಗೊತ್ತಿಲ್ಲ. ಈ ಸಲ ಅರ್ಜಿ ತುಂಬಾ ಬಂದಿವೆ, ಹೆಚ್ಚು ಆಸೆ ಇಟ್ಟುಕೊಳ್ಳುವುದು ಬೇಡ ಎಂದು ಮೇಷ್ಟ್ರಿಗೆ ಹೇಳಿದರೆ ಒಳ್ಳೆಯದು.

ಅಧ್ಯಕ್ಷರಿಗೆ ಆ ಮಾತನ್ನು ನಿಜವಾಗಿಯೂ ಹಾಗೆಯೇ ಹೇಳಿದೆಯಾ? ಹುಲ್ಲಿಗಾಗಿ ಬೀಗ ಹಾಕಿದ್ದೆ ಎಂದು ಹೇಳಲಿಲ್ಲವಾ?

ತಮ್ಮ

———

೫ ಏಪ್ರಿಲ್

ತಮ್ಮಾ,

ಪೇಪರು ನೋಡಿದೆ. ನಿನ್ನ ಕಡೆಯಿಂದ ಒಂದು ಸಾಲು ಬರಬಹುದೆಂದು ನಾಲ್ಕು ದಿನ ಕಾದೆ. ಬರಲಿಲ್ಲ.

ಮೂರು ಊರಿಗೆ ತಂಡ ಕೊಟ್ಟಿದ್ದಾರೆ, ನಮಗಿಲ್ಲ. ಆಗಲಿ, ನಮಗಿಂತ ಯೋಗ್ಯರಿದ್ದರೆ ತಲೆ ಬಾಗಿಸುತ್ತಿದ್ದೆ. ಯಾರಿಗೆ ಕೊಟ್ಟಿದ್ದಾರೆ? ಒಂದು ಊರಿನಲ್ಲಿ ಆಗಲೇ ಎರಡು ತಂಡ ಇವೆ, ಅವಕ್ಕೇ ಗ್ಯಾಲರಿ ತುಂಬುವುದಿಲ್ಲ. ಇನ್ನೊಂದರಲ್ಲಿ ಮೈದಾನ ಅರ್ಧ ಕಟ್ಟಿ ನಿಂತಿದೆ. ಮೂರನೆಯದು ಬರೀ ಚಿತ್ರ! ಪೇಪರಿನಲ್ಲಿ ಬಣ್ಣದ ಚಿತ್ರ ಹಾಕಿದ್ದಾರೆ, ಸುತ್ತ ಅಂಗಡಿಗಳು, ಮಧ್ಯೆ ಹಸಿರು ಬಳಿದಿದ್ದಾರೆ. ಆ ಹಸಿರಿನ ಮೇಲೆ ಅಧ್ಯಕ್ಷರು ಬಗ್ಗಿ ಕೈ ಆಡಿಸಿದರೇನು? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದವರಿಗೆ ತಂಡ, ಕೂಸನ್ನು ಸಾಕಿದವರಿಗೆ ಗೋದಾಮು!

ಗೋಡೆ ಪೇಪರನ್ನು ಓದಿ ಮಡಿಸಿಟ್ಟು ಕೆಲಸಕ್ಕೆ ಹೋದ. ಅವನ ಮೊಣಕೈ ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ. ಮುಖ ಎತ್ತಿ ಅವನನ್ನು ನೋಡಲು ನನಗಾಗುತ್ತಿಲ್ಲ.

ಕಾರಣ ಏನೆಂದು ಬರೆ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಅಕ್ಕ

———

೧೧ ಏಪ್ರಿಲ್

ಅಕ್ಕನಿಗೆ ನಮಸ್ಕಾರ.

ನಿನ್ನ ಬೇಸರ ಅರ್ಥವಾಗುತ್ತದೆ. ಇಂಥ ತೀರ್ಮಾನಗಳಲ್ಲಿ ಹಲವು ಅಂಶಗಳಿರುತ್ತವೆ: ಪ್ರಸಾರ, ಪ್ರಯಾಣ, ಮುಂದಿನ ಬೆಳವಣಿಗೆ. ಯಾವುದೋ ಒಂದೇ ಕಾರಣ ಎಂದು ಹೇಳಲು ಬರುವುದಿಲ್ಲ. ಸಮಿತಿಯು ಎಲ್ಲ ಊರುಗಳನ್ನೂ ಸಮಾನವಾಗಿ ಪರಿಶೀಲಿಸಿದೆ. ಐದು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು.

ನೀನು ಸ್ವಲ್ಪ ದಿನ ಇಲ್ಲಿಗೆ ಬಂದು ಇದ್ದು ಹೋಗು. ಮನಸ್ಸಿಗೂ ಬದಲಾವಣೆ ಆಗುತ್ತದೆ.

ತಮ್ಮ

———

೧೯ ಏಪ್ರಿಲ್

ಐದು ವರ್ಷದ ನಂತರ ಅರ್ಜಿ ಹಾಕಬೇಕಂತೆ. ಗೋದಾಮಿನ ಚಾವಣಿಯ ಮೇಲೆ ಆಡಿಸಲೇನೋ?

ಪುರಸಭೆಗೆ ವರದಿಯ ಪ್ರತಿ ಬಂದಿದೆ. ಮೇಷ್ಟ್ರು ನನಗೆ ಓದಲು ತಂದುಕೊಟ್ಟರು. ನಮ್ಮ ಊರಿಗೆ ಅರ್ಧ ಪುಟ. ನಿನಗೆ ಮತ್ತೆ ಓದಿಸುತ್ತೇನೆ, ಕೇಳು: "ಮೈದಾನದಲ್ಲಿ ಆಟದ ಕುರುಹು ಕಾಣಲಿಲ್ಲ. ಗೋಲಿನ ಮುಂದಿನ ಹುಲ್ಲು ಕೂಡ ಸವೆದಿಲ್ಲ. ತಿಂಗಳಿನಿಂದ ಇಲ್ಲಿ ಆಟ ನಡೆದಿಲ್ಲವೆಂದು ಸಿಬ್ಬಂದಿಯೇ ಒಪ್ಪಿಕೊಂಡಿದ್ದಾರೆ. ಈ ಊರಿಗೆ ಫುಟ್ಬಾಲಿನಲ್ಲಿ ಆಸಕ್ತಿ ಇದೆ ಎನ್ನಲು ಆಧಾರವಿಲ್ಲ. ಉತ್ತರದ ತುದಿಯಲ್ಲಿ ಮಳೆಯಾದ ಮೇಲೆ ಎರಡು ದಿನ ನೀರು ನಿಲ್ಲುತ್ತದೆ."

ಆ ಸಿಬ್ಬಂದಿ ನಾನು. ನನ್ನ ಬಾಯಿಂದಲೇ ನನ್ನ ಊರಿನ ಕುತ್ತಿಗೆ ಕೊಯ್ಯಿಸಿದರು. ಮೊದಲ ಸಲ ಓದಿದಾಗ ಅಧ್ಯಕ್ಷರನ್ನು ಬೈದೆ, ಎರಡನೇ ಸಲ ನನ್ನನ್ನೇ ಬೈದುಕೊಂಡೆ. ಮೂರನೇ ಸಲ ಓದುವಾಗ ಕಣ್ಣು ಕೊನೆಯ ಸಾಲಿನ ಮೇಲೆ ನಿಂತಿತು.

ಅವರು ಬಂದ ದಿನ ಸುಡುವ ಬಿಸಿಲು. ಯಾರೂ ನೀರಿನ ಮಾತೆತ್ತಲಿಲ್ಲ, ಯಾರೂ ಉತ್ತರದ ತುದಿಗೆ ಹೋಗಲೂ ಇಲ್ಲ. ಅಲ್ಲಿ ನೀರು ಎರಡು ದಿನ ನಿಲ್ಲುತ್ತದೆ, ಒಂದಲ್ಲ, ಮೂರಲ್ಲ, ಎಂದು ಗೊತ್ತಿರುವುದು ಬಕೆಟ್ಟು ಹಿಡಿದು ಅದನ್ನು ಮೊಗೆದು ಹೊರಗೆ ಚೆಲ್ಲಿದವರಿಗೆ. ಅಪ್ಪ, ನಾನು, ನೀನು. ಅಪ್ಪ ಎದ್ದು ಬಂದು ವರದಿ ಬರೆಯಲಾರರು. ನಾನು ಬರೆದಿಲ್ಲ.

ಇನ್ನೊಂದು ಕೇಳು. ಆರು ವರ್ಷದ ಹಿಂದೆ ನಿನ್ನ ಭಾವ, ಗೋಡೆ ಇಬ್ಬರೂ ಸೇರಿ ಅಲ್ಲಿ ಕಾಲುವೆ ತೋಡಿ ಕೊಳವೆ ಹೂತರು. ಈಗ ಎಂಥ ಮಳೆ ಬಂದರೂ ಒಂದು ಗಂಟೆಯೂ ನೀರು ನಿಲ್ಲುವುದಿಲ್ಲ. ನೀನು ಊರಿಗೆ ಬಂದು ಏಳು ವರ್ಷ ಆಯಿತು, ನಿನಗೆ ಹೇಗೆ ಗೊತ್ತಾಗಬೇಕು? ಇಲ್ಲದ ನೀರನ್ನು ನೆನಪಿನಿಂದ ಮೊಗೆದು ತಂದು ನಮ್ಮ ತಲೆಯ ಮೇಲೆ ಸುರಿದೆಯಲ್ಲ!

ಹುಲ್ಲಿಗೆ ಕಲೆ ಬೀಳದ ಹಾಗೆ ನೋಡಿಕೋ ಎಂದವನೂ ನೀನೇ. ಹುಲ್ಲು ಸವೆದಿಲ್ಲ ಎಂದು ಬರೆದವನೂ ನೀನೇ. ಇದಕ್ಕೆ ಏನೆನ್ನಬೇಕು? ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರೆ. ನಮ್ಮ ಮನೆಯ ಬೇಲಿ ಕಣೋ ಅದು.

ಉತ್ತರ ಬರೆ.

———

೪ ಮೇ

ಹದಿನೈದು ದಿನ ಆಯಿತು. ನಿನ್ನ ಉತ್ತರ ಇಲ್ಲ.

ತಕರಾರು ಇದ್ದ ಊರಿನವರು ಮೇ ಹದಿನಾಲ್ಕಕ್ಕೆ ಸಮಿತಿಯ ಮುಂದೆ ಬಂದು ಹೇಳಬಹುದಂತೆ. ಮೇಷ್ಟ್ರೂ ನಾನೂ ಬರುತ್ತಿದ್ದೇವೆ. ಮೇಷ್ಟ್ರಿಗೆ ಸಿಟ್ಟು ಬಂದರೆ ಮಾತು ತೊದಲುತ್ತದೆ. ಆದ್ದರಿಂದ ಮಾತಾಡುವವಳು ನಾನು. ನಿನ್ನ ಹೆಸರನ್ನು ಯಾರಿಗೂ ಹೇಳಿಲ್ಲ. ಯಾಕೆ ಹೇಳಿಲ್ಲ ಎಂದು ನನಗೇ ತಿಳಿಯದು.

———

೭ ಮೇ

ಅಕ್ಕಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ವರದಿ ಬರೆದವನು ನಾನು. ಅಧ್ಯಕ್ಷರು ಪ್ರವಾಸದಿಂದ ಬಂದು ಸಣ್ಣ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಅಲ್ಲಿ ಯಾರೂ ಆಡೋದೇ ಇಲ್ಲ ಕಣ್ರೀ, ಪಾಪ, ಆ ಹೆಂಗಸೇ ಹೇಳಿದ್ಲು. ನೋಡೋಕೆ ಮಾತ್ರ ಚಂದ" ಎಂದರು. ಆಗ ನಾನು ಬಾಯಿ ತೆರೆಯಬೇಕಿತ್ತು. ಅಲ್ಲ ಸರ್, ಅವರು ನಿಮಗಾಗಿ ಮುಚ್ಚಿದ್ದರು, ಒಂದು ಭಾನುವಾರ ಹೋಗಿ ನೋಡಿ ಎನ್ನಬೇಕಿತ್ತು. ನಿಮಗೆ ಹೇಗೆ ಗೊತ್ತು ಎಂದರೆ ಏನು ಹೇಳಲಿ? ಈ ಕೆಲಸಕ್ಕೆ ಸೇರುವಾಗಲೇ ಅರ್ಜಿ ಹಾಕುವ ಊರುಗಳ ಜೊತೆ ಸಂಬಂಧವಿಲ್ಲ ಎಂದು ಸಹಿ ಹಾಕಿದ್ದೆ. ಸುಮ್ಮನೆ ಬರೆದುಕೊಂಡೆ.

ನೀರಿನ ಸಾಲನ್ನು ಯಾರೂ ಹೇಳಲಿಲ್ಲ. ಅದನ್ನು ನಾನೇ ಸೇರಿಸಿದೆ. ಬರೆಯುವಾಗ ಕೈ ನಿಮ್ಮ ಕಡೆಗೆ ವಾಲುತ್ತಿದೆ ಅನಿಸಿತು. ಯಾರಾದರೂ ಕಂಡುಹಿಡಿದಾರು ಎಂದು ಹೆದರಿ, ಕಟ್ಟುನಿಟ್ಟಿನವನಂತೆ ಕಾಣಲು ಒಂದು ದೋಷ ಹುಡುಕಿದೆ. ನನಗೆ ಗೊತ್ತಿದ್ದ ದೋಷ ಅದೊಂದೇ. ಈಗ ಅದೂ ಇಲ್ಲ ಎನ್ನುತ್ತೀಯ.

ಒಂದು ಕೇಳುತ್ತೇನೆ, ಕೇಳಲು ಮುಖವಿಲ್ಲದಿದ್ದರೂ. ಹದಿನಾಲ್ಕರಂದು ಮೇಜಿನ ತುದಿಯಲ್ಲಿ ಸಭೆಯ ನಡಾವಳಿ ಬರೆಯುತ್ತಾ ಕೂತಿರುವವನು ನಾನು. ನನ್ನನ್ನು ಗುರುತಿಸಬೇಡ.

ತಮ್ಮ

———

೨೬ ಮೇ

ಗುರುತಿಸಲಿಲ್ಲ. ನೋಡಿದೆಯಲ್ಲ.

ಏಳು ವರ್ಷದ ಮೇಲೆ ನಿನ್ನನ್ನು ಕಂಡೆ. ಕೂದಲು ಹಿಂದಕ್ಕೆ ಸರಿದಿದೆ, ಅಪ್ಪನ ಹಾಗೆಯೇ ಪೆನ್ನು ಹಿಡಿಯುತ್ತೀಯ. ನಾನು ನಿನಗೆ ನಮಸ್ಕಾರ ಸರ್ ಎಂದೆ, ನೀನು ಕೂತ್ಕೊಳ್ಳಿ ಮೇಡಂ ಎಂದೆ. ಮೇಷ್ಟ್ರಿಗೆ ಕಣ್ಣು ಮಂಜು, ಅವರಿಗೆ ತಿಳಿಯಲಿಲ್ಲ. ಆ ಕೋಣೆಯಲ್ಲಿ ಅಕ್ಕ ತಮ್ಮ ಇದ್ದಾರೆಂದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಇಂಥ ನಾಟಕ ಆಡಿಸಿದೆಯಲ್ಲ ನನ್ನ ಕೈಲಿ.

ಹದಿನೆಂಟು ನಿಮಿಷ ಮಾತಾಡಿದೆ. ನೆಲ ಬೋಳಾದ್ರೆ ಹುಲ್ಲಿಲ್ಲ ಅಂತೀರಿ, ಹುಲ್ಲಿದ್ರೆ ಆಟ ಇಲ್ಲ ಅಂತೀರಿ, ನೀವು ಬರೋ ದಿನ ನೆಲ ಹೇಗಿರಬೇಕು ಅಂತ ನೀವೇ ಹೇಳಿ ಸ್ವಾಮಿ ಎಂದೆ. ಒಂದೇ ಒಂದು ಭಾನುವಾರ ಬನ್ನಿ, ನಿಮ್ಮ ಕುರ್ಚಿ ನಾನೇ ಹೊತ್ತು ತರ್ತೀನಿ, ಯಾಕಂದ್ರೆ ಅಲ್ಲಿ ನಿಮಗೆ ಕೂರೋಕೆ ಜಾಗ ಸಿಗಲ್ಲ ಎಂದೆ. ನಿಮ್ಮ ಅಧ್ಯಕ್ಷರು ಗಡಿಯಾರ ನೋಡಿದರು. ನೀನು ಬರೆಯುತ್ತಲೇ ಇದ್ದೆ. ಪುಟ ಮಗುಚುವ ಸದ್ದು ಕೇಳಿ ನನಗೊಂದು ಧೈರ್ಯ. ಬಾಯಿ ಬಿಡದಿದ್ದರೂ ಹೋಗಲಿ, ಬರೆಯುತ್ತಿದ್ದಾನಲ್ಲ ಎಂದುಕೊಂಡೆ.

ನಿನ್ನೆ ನಡಾವಳಿಯ ಪ್ರತಿ ಬಂತು. ಹದಿನೆಂಟು ನಿಮಿಷಕ್ಕೆ ಒಂದು ಸಾಲು: "ಸ್ಥಳೀಯ ಪ್ರತಿನಿಧಿಯೊಬ್ಬರು ತಮ್ಮ ಭಾವನೆಗಳನ್ನು ವ್ಯಕ್ತಪಡಿಸಿದರು."

ಭಾವನೆ! ನಾಲ್ಕು ಸಾವಿರ ಜನ ಭಾವನೆಯೇ? ಕೊಳವೆ ಭಾವನೆಯೇ? ಮೊಣಕೈ ಸುಲಿದದ್ದು ಭಾವನೆಯೇ? ನೀನು ತುಂಬಿಸಿದ ಆ ಪುಟಗಳೆಲ್ಲ ಎಲ್ಲಿ ಹೋದವು?

ಹೆದರಿದ್ದೆ ಎಂದು ಬರೆದೆ. ಹೆದರಿಕೆ ಎಲ್ಲರಿಗೂ ಇದೆ, ನನಗೂ ಇತ್ತು ಆ ಕೋಣೆಯಲ್ಲಿ. ಆದರೆ ನಿನ್ನ ಹೆದರಿಕೆಗೆ ಬೆಲೆ ತೆತ್ತವರು ಯಾವಾಗಲೂ ಬೇರೆಯವರು. ಇದನ್ನು ನಾನು ಮರೆಯುವುದಿಲ್ಲ.

———

೧ ಜೂನ್

ಅಕ್ಕಾ,

ಇದರ ಜೊತೆ ಇಟ್ಟಿರುವುದು ಹನ್ನೊಂದು ಪುಟ. ಆ ದಿನ ನೀನು ಆಡಿದ ಮಾತು ಪೂರ್ತಿ ಇದೆ, ಒಂದು ಪದ ಬಿಟ್ಟಿಲ್ಲ. ಅದನ್ನು ಒಂದು ಸಾಲಿಗೆ ಇಳಿಸು ಎಂದವರು ಅಧ್ಯಕ್ಷರು. ಇಳಿಸಿದ ಕೈ ನನ್ನದು.

ಶುಕ್ರವಾರ ಆ ಪುಟಗಳನ್ನೂ ನನ್ನ ಒಂದು ಪತ್ರವನ್ನೂ ಸಮಿತಿಯ ಎಲ್ಲರಿಗೂ ಕೊಟ್ಟೆ. ಅದು ನನ್ನ ಊರು, ಅವರು ನನ್ನ ಅಕ್ಕ, ಮೈದಾನ ಮುಚ್ಚಿದ್ದು ನನ್ನ ಮಾತು ಕೇಳಿ, ನೀರಿನ ಸಾಲು ಸುಳ್ಳು, ಬರೆದದ್ದು ನಾನು ಎಂದು ಬರೆದಿದ್ದೆ. ಅಧ್ಯಕ್ಷರು ಓದಿ, "ಇದರಿಂದ ನಿಮ್ಮ ವಿಷಯ ಬದಲಾಗುತ್ತೆ, ಊರಿನ ವಿಷಯ ಬದಲಾಗಲ್ಲ" ಎಂದರು. ಮೂರು ಊರುಗಳ ಜೊತೆ ಒಪ್ಪಂದ ಆಗಿಹೋಗಿದೆಯಂತೆ. ನನ್ನನ್ನು ಮನೆಗೆ ಕಳಿಸಿದ್ದಾರೆ. ವಾಪಸ್ ಕರೆಯುವುದಿಲ್ಲ ಎಂದು ಕಾಣುತ್ತದೆ.

ಮಾರ್ಚಿನಲ್ಲಿ ಹೇಳಿದ್ದರೆ ಉಪಯೋಗವಿತ್ತು. ಮೇ ಮುಗಿಯುವಾಗ ಹೇಳಿದೆ. ಇದು ನನಗೆ ಗೊತ್ತಿದೆ, ನೀನು ಬರೆಯಬೇಕಾಗಿಲ್ಲ.

ತಮ್ಮ

———

೪ ಜೂನ್

ತಮ್ಮಾ,

ಹನ್ನೊಂದು ಪುಟವನ್ನೂ ಓದಿದೆ. ನಾನು ಇಷ್ಟು ಚೆನ್ನಾಗಿ ಮಾತಾಡಿದೆನೇ ಎಂದು ಆಶ್ಚರ್ಯವಾಯಿತು. ನಿನ್ನ ಭಾವನಿಗೆ ಓದಿ ಹೇಳುವಾಗ ಮತ್ತೆ ಸಿಟ್ಟು ಏರಿತು, ಪುಟ ಮಡಿಸಿಟ್ಟೆ.

ನಿನ್ನ ಕೆಲಸ ಹೋದದ್ದಕ್ಕೆ ಕನಿಕರ ಪಡಬೇಕೋ ಏನೋ. ಅಕ್ಕ ತಾನೇ, ಪಡುತ್ತಿದ್ದೇನೆ. ಆದರೆ ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ನೀನು ಸತ್ಯ ಹೇಳಿದ್ದು ಅದನ್ನು ಕೇಳಬೇಕಾಗಿಲ್ಲದವರ ಮುಂದೆ. ಅವರಿಗೇನು ನಷ್ಟವಾಗಿತ್ತು?

ಸೋಮವಾರ ಗೋದಾಮಿನವರು ಬೇಲಿ ಹಾಕುತ್ತಾರೆ. ಅದಕ್ಕೆ ಮುಂಚೆ, ಭಾನುವಾರ ಬೆಳಿಗ್ಗೆ, ನಾವೇ ಗೋಲು ಕಂಬಗಳನ್ನು ಕೀಳುತ್ತಿದ್ದೇವೆ. ಲಾರಿಯವರ ಯಂತ್ರ ಅವಕ್ಕೆ ತಾಗಲು ನಾನು ಬಿಡುವುದಿಲ್ಲ. ಎಲ್ಲಿ ನೆಡುತ್ತೇವೋ ಇನ್ನೂ ಗೊತ್ತಿಲ್ಲ. ಅಪ್ಪ ಅವುಗಳ ಬುಡಕ್ಕೆ ಸೊಂಟದಷ್ಟು ಆಳ ಕಾಂಕ್ರೀಟು ಹಾಕಿಸಿದ್ದರು, ಒಂದೊಂದಕ್ಕೂ ನಾಲ್ಕು ಜನ ಬೇಕು. ನಾನು, ನಿನ್ನ ಭಾವ, ಗೋಡೆ, ಮೂವರಾಯಿತು. ನಾಲ್ಕನೆಯವರಾಗಿ ಬರುತ್ತೇವೆ ಎಂದವರು ಐವತ್ತು ಮಂದಿ. ಎಲ್ಲರಿಗೂ ಬೇಡ ಎಂದಿದ್ದೇನೆ.

ಊರೆಲ್ಲ ನೋಡಲು ಬರುತ್ತದೆ. ಅವರಿಗೆ ನೀನು ಯಾರೆಂದು ಗೊತ್ತು, ನನ್ನ ತಮ್ಮ ಬಂದ ಎಂದು ಮಾತಾಡಿಸುತ್ತಾರೆ, ಬೆನ್ನು ತಟ್ಟುತ್ತಾರೆ. ಆ ವರದಿ ಬರೆದವನು ನೀನು ಎಂಬುದು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಬಾ. ಮೊದಲು ಗೋಡೆಗೆ ಅದನ್ನು ಹೇಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೂ ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟರೆ, ಕಂಬಕ್ಕೆ ಕೈ ಹಾಕು.

ಅಕ್ಕ